ಎರಡೂ ಕೈ ತೋರಿಸು

೬ ಫೆಬ್ರವರಿ ೧೯೮೪, ಸೋಮವಾರ. ತರೀಕೆರೆ

ಬೆಳಗಿನ ಗರಡಿ ಆಯ್ತು. ಎದೆ, ಬೆನ್ನು, ತೋಳು — ಎಲ್ಲಕ್ಕೂ ಎಂಟೆಂಟು ಸೆಟ್ಟು. ಆಮೇಲೆ ಬಸ್ಕಿ. ರೈಸ್ ಮಿಲ್ಲಿಗೆ ಹೋದಾಗ ಕೈ ಇನ್ನೂ ನಡುಗ್ತಿತ್ತು. ಭತ್ತದ ಮೂಟೆ ತೂಕ ಬರೆಯೋವಾಗ ಅಂಕಿ ಎಲ್ಲ ಸೊಟ್ಟ. ಸಾವ್ಕಾರ್ರು ನೋಡಿ, ಏನಯ್ಯಾ ರೈಟ್ರೇ, ಮನೇಲಿ ಬೈಸ್ಕೊಂಡು ಬಂದ್ಯಾ ಅಂದ್ರು. ನಕ್ಕು ಮುಂದಿನ ಮೂಟೆ ತೂಕ ಬರೆದೆ.

ಸಂಜೆ ಹೆಂಡ್ತಿ ಅಂಬಿಯ ಹೊಲಿಗೆ ಟೇಪು ತಗೊಂಡು ತೋಳು ಅಳೆದೆ. ಹೋದ ದೀಪಾವಳೀಲಿ ಎಷ್ಟಿತ್ತೋ ಅಷ್ಟೇ. ಅದರ ಹಿಂದಿನ ದೀಪಾವಳೀಲೂ ಅಷ್ಟೇ. ಟೇಪೇ ಜಗ್ಗಿರಬೇಕು. ನಾಳೆಯಿಂದ ತೋಳಿಗೆ ಇನ್ನೆರಡು ಸೆಟ್ಟು ಸೇರಿಸ್ತೀನಿ.

ಜೂನಿನಲ್ಲಿ ಕಡೂರಲ್ಲಿ ದೇಹದಾರ್ಢ್ಯ ಸ್ಪರ್ಧೆ. ಗರಡಿಗೆ ಒಬ್ಬನೇ ಅಂತ ಸಂಘದೋರ ನಿಯಮ. ಹೋದ ವರ್ಷ ಬೆನಕಪ್ಪ ಹೋಗಿದ್ದ. ಅವನೀಗ ಮದುವೆಯಾಗಿ ಹೊಟ್ಟೆ ಬಿಟ್ಟವ್ನೆ. ಈ ಸಲ ನಾನೇ. ಇನ್ಯಾರಿದಾರೆ?

೧೯ ಫೆಬ್ರವರಿ, ಭಾನುವಾರ

ಅಂಬಿಯ ತಮ್ಮ ಬಂದ. ಸಣ್ಣಬೀರಪ್ಪ, ಮನೇಲಿ ಎಲ್ಲರಿಗೂ ಬೀರ. ಅಜ್ಜಂಪುರದಿಂದ ಬೆಳಗಿನ ಬಸ್ಸಿಗೆ, ಒಂದು ಟ್ರಂಕು, ಅತ್ತೆ ಕಳಿಸಿದ ಒಂದು ಡಬ್ಬ ತುಪ್ಪ. ಇಲ್ಲಿ ಕರೆಂಟ್ ಆಫೀಸಲ್ಲಿ ಹೆಲ್ಪರ್ ಕೆಲಸ ಆಗಿದೆ. ರೂಮು ಸಿಗೋ ತನಕ ನಮ್ಮನೆ. ಮದುವೇಲಿ ನೋಡಿದಾಗ ಕಡ್ಡಿ ಹಾಗಿದ್ದ. ಈಗ ಬಾಗಿಲಲ್ಲಿ ನಿಂತ್ರೆ ಒಳಗೆ ಬೆಳಕು ಬರಲ್ಲ.

ಎರಡು ವರ್ಷ ಭದ್ರಾವತೀಲಿದ್ದನಂತೆ. ಅಲ್ಲಿ ಯಾವನೋ ಇಂಜಿನಿಯರ್ ಜೊತೆ ಕಬ್ಬಿಣ ಎತ್ತೋದು ಕಲಿತನಂತೆ. ಮಧ್ಯಾಹ್ನ ಬಾವಿ ಹತ್ರ ಅಂಗಿ ಬಿಚ್ಚಿ ಸ್ನಾನಕ್ಕೆ ನಿಂತ. ನೋಡ್ಬಾರ್ದು ಅಂದ್ಕೊಂಡೆ. ನೋಡ್ದೆ. ಹೊಟ್ಟೆ ಒಳಗೆ ಕೆಂಡ ಇಟ್ಟ ಹಾಗಾಯ್ತು.

ರಾತ್ರಿ ಊಟಕ್ಕೆ ತುಪ್ಪ ಮೊದಲು ಅವನ ಮುದ್ದೆಗೆ. ನಂಗೆ ಆಮೇಲೆ.

೨೩ ಫೆಬ್ರವರಿ, ಗುರುವಾರ

ಅವನೂ ಗರಡಿಗೆ ಬಂದ. ಕರಕೊಂಡು ಹೋಗಿ ಅಂತ ಅಂಬೀನೇ ಹೇಳಿದ್ಲು, ಏನ್ ಮಾಡ್ಲಿ.

ಉಸ್ತಾದ್ ಹುಸೇನ್ ಸಾಬ್ರು ಅವನ ಬೆನ್ನು ತಟ್ಟಿ ನೋಡಿದ್ರು, ದನದ ಸಂತೇಲಿ ಹೋರಿ ನೋಡೋ ಹಾಗೆ. ನನ್ನ ಬೆನ್ನು ಹಾಗೆ ತಟ್ಟಿ ಎಷ್ಟು ಕಾಲ ಆಯ್ತು. ಆಮೇಲೆ ಗರಡಿ ನಿಯಮ ಹೇಳಿದ್ರು. ಇಲ್ಲಿ ರಾಡು ಅಂದ್ರೆ ಎತ್ತಿನ ಗಾಡಿ ಅಚ್ಚು, ಚಕ್ರ ಎಲ್ಲ ಲಾರಿ ಗುಜರಿ ಕತ್ತರಿಸಿ ಅವರೇ ವೆಲ್ಡಿಂಗ್ ಮಾಡಿದ್ದು. ಬೆಂಚಿನ ಮೇಲೆ ಮಲಗಿ ಎತ್ತೋನ ತಲೆ ಹತ್ರ ಒಬ್ಬ ನಿಲ್ಲಬೇಕು. ನಿಲ್ಲೋನು ಮೊದಲು ಅಖಾಡದ ಮಣ್ಣು ಎರಡೂ ಅಂಗೈಗೆ ಉಜ್ಜಿ, ಮಲಗಿದೋನಿಗೆ ತೋರಿಸಬೇಕು. ಎರಡೂ ಕೈ ನೋಡದೆ ರಾಡು ಮುಟ್ಟೋ ಹಾಗಿಲ್ಲ. ಉಸ್ತಾದರ ಗುರುಗಳ ಕಾಲದಿಂದ ಹೀಗೇ. ತೋರಿಸಿದ ಮೇಲೆ ಆ ಜೀವ ನಿಂದು ಅಂತ ಲೆಕ್ಕ.

ನಾನು ನಿಂತೆ. ತೋರಿಸಿದೆ. ಅವನು ಸ್ವಲ್ಪ ಭಾರದಲ್ಲಿ ಮೈ ಬಿಸಿ ಮಾಡ್ಕೊಂಡ. ಆಮೇಲೆ ಭಾರ ಹಾಕಿ ಒಂದೇ ಸೆಟ್ಟು. ನಿಧಾನ — ಮೇಲಕ್ಕೂ ನಿಧಾನ, ಇಳಿಸೋದು ಇನ್ನೂ ನಿಧಾನ. ಕೊನೇ ಸಲ ರಾಡು ಅರ್ಧಕ್ಕೆ ನಿಂತು ನಡುಗ್ತು. ಮುಖಕ್ಕೆಲ್ಲ ರಕ್ತ ಏರಿ ಕೆಂಪಾಗಿತ್ತು. ನಾನು ಹಿಡಿದು ಮೇಲೆ ಇಟ್ಟೆ. ಎದ್ದು ಕೂತು, ಎದೆ ಆಯ್ತು ಬಾವ ಅಂದ. ಹಾಗೇ ಬೆನ್ನಿಗೆ ಒಂದು, ಕಾಲಿಗೆ ಒಂದು. ನಾನು ಮೂರನೇ ಸೆಟ್ಟಿಗೆ ಬರೋಷ್ಟರಲ್ಲಿ ಟವಲು ಹೆಗಲಿಗೆ ಹಾಕ್ಕೊಂಡು ಹೊರಟ.

ನಾಳೆ ಬರಲ್ವಂತೆ. ನಾಡಿದ್ದೂ ಬರಲ್ವಂತೆ. ಸೋಮಾರಿ.

೪ ಮಾರ್ಚ್, ಭಾನುವಾರ, ಮಧ್ಯಾಹ್ನ

ಮರ್ಯಾದೆ ಹೋಯ್ತು.

ಬೀರ ಊಟ ಮಾಡಿ ನಡುಮನೇಲಿ ಗೊರಕೆ ಹೊಡೀತಿದ್ದ. ನಿದ್ದೆನೂ ಕಸರತ್ತೇ ಬಾವ, ಮೈ ಬೆಳೆಯೋದು ಗರಡೀಲಲ್ಲ, ಚಾಪೆ ಮೇಲೆ — ಇದು ಅವನ ಪಾಠ. ತೋಳು ಹೊರಗೆ ಚಾಚಿಕೊಂಡಿತ್ತು. ಟೇಪು ಹೊಲಿಗೆ ಮೆಷಿನ್ ಮೇಲೇ ಇತ್ತು. ಮೆಲ್ಲಗೆ ಸುತ್ತಿ ಅಳೀತಿದ್ದೆ, ಅಂಬಿ ಬಂದ್ಬಿಟ್ಲು. ಕೈಲಿ ನೀರಿನ ಚೊಂಬು. ನೋಡಿದ್ಲು. ಅಂಗಿ ಹೊಲಿಸೋಣ ಅಂತ... ಅಂದೆ. ಅಂಬಿ ಬಾಯಿಗೆ ಸೆರಗು ಹಿಡಿದು ಅಡಿಗೆಮನೆಗೆ ಓಡಿದ್ಲು. ಅಲ್ಲಿಂದ ನಗು ಕೇಳಿಸ್ತಾನೇ ಇತ್ತು.

ನನ್ನ ತೋಳಿಗಿಂತ ಜಾಸ್ತಿ. ಎಷ್ಟು ಅಂತ ಬರೆಯಲ್ಲ.

೧೨ ಮಾರ್ಚ್, ಸೋಮವಾರ

ಬೀರನನ್ನ ಕೇಳೇಬಿಟ್ಟೆ. ಕೇಳಬಾರದಿತ್ತು. ಬೇರೆ ಎಲ್ಲಾದ್ರೂ ಕದ್ದು ಮಾಡ್ತೀಯೇನೋ ಅಂದೆ. ಕಂಬ ಹತ್ತಿ ಇಳಿಯೋದು ಬಿಟ್ರೆ ಏನಿಲ್ಲ ಬಾವ ಅಂದ. ಆಮೇಲೆ ಕೂರಿಸ್ಕೊಂಡು ವಿವರಿಸಿದ, ನಾನೇನೋ ಎಳೇ ಹುಡುಗ ಅನ್ನೋ ಹಾಗೆ. ಹೊಸದಾಗಿ ಶುರು ಮಾಡ್ದೋರಿಗೆ ಏನ್ ಮಾಡಿದ್ರೂ ಮೈ ಬರುತ್ತಂತೆ. ಮೂರು ನಾಕು ವರ್ಷ ಆದ್ಮೇಲೆ ನಿಂತು ಹೋಗುತ್ತಂತೆ. ಆಗ ಎಲ್ಲರೂ ಸೆಟ್ಟು ಜಾಸ್ತಿ ಮಾಡ್ತಾರಂತೆ, ಅಲ್ಲೇ ಕೆಡೋದಂತೆ. ಸೆಟ್ಟು ಕಮ್ಮಿ ಮಾಡು, ಆದರೆ ಆ ಒಂದು ಸೆಟ್ಟಲ್ಲಿ ಇನ್ನೊಂದ್ಸಲ ಏಳಲ್ಲ ಅನ್ನೋ ತನಕ ಹೋಗು. ಮುಂದಿನ ಸಲ ಒಂದು ಚೂರಾದ್ರೂ ಭಾರ ಏರಿಸು. ನಡುವೆ ಮೂರು ನಾಕು ದಿನ ಕಬ್ಬಿಣ ಮುಟ್ಟಬೇಡ.

"ನೀವು ದಿನಾ ಗಾಯ ಕೆರೀತಿದೀರಾ ಬಾವ. ಆರೋಕೆ ಬಿಡ್ತಿಲ್ಲ."

ನೋಡೋಣ ಅಂದೆ.

೧೩ ಮಾರ್ಚ್, ಮಂಗಳವಾರ

ನಿದ್ದೆ ಬರಲಿಲ್ಲ. ಈಗ ಹೊಳೀತು. ಮಳ್ಳ! ಸ್ಪರ್ಧೆಗೆ ಮೂರು ತಿಂಗಳಿದೆ. ಹೋಗೋನು ಒಬ್ಬನೇ. ಎದುರಾಳಿಗೆ ಬಂದು, ಕಮ್ಮಿ ಮಾಡು, ಮಲಕ್ಕೋ ಅಂತಾನೆ! ನನ್ನ ಮೈ ಇಳೀಲಿ ಅಂತ ತಾನೇ? ನಾನಾಗಿದ್ರೂ ಹೀಗೇ ಹೇಳ್ತಿದ್ದೆ.

ಹೂಂ ಅಂತೀನಿ. ಅವನ ಜೊತೆ ಅವನ ಥರಾನೇ ಮಾಡ್ತೀನಿ. ಬಿಡುವಿನ ದಿನ ಮಿಲ್ಲಿನ ಗೋಡೌನಿದೆ, ಮೂಟೆ ಇದಾವೆ. ಯಾರಿಗೂ ಗೊತ್ತಾಗಲ್ಲ.

೩ ಏಪ್ರಿಲ್, ಮಂಗಳವಾರ. ಹೊಸತೊಡಕು

ಯುಗಾದಿ ಮಾರನೇ ದಿನ ಅಲ್ವಾ, ಮನೇಲಿ ಕುರಿ ಸಾರು. ನಲ್ಲಿ ಮೂಳೆ ಬೀರನ ತಟ್ಟೆಗೆ. ಅವನು ನನ್ನ ತಟ್ಟೆಗೆ ಹಾಕೋಕೆ ಬಂದ, ನೀವು ತಿನ್ನಿ ಬಾವ ಅಂತ. ಬೇಡ ಅಂದೆ. ಭಿಕ್ಷೆ ಬೇಕಾ ನಂಗೆ?

ಮೂರು ವಾರದಿಂದ ಗೋಡೌನಲ್ಲಿ ಮೂಟೆ ಹೊರ್ತಿದೀನಿ. ಹಮಾಲಿ ಈರಭದ್ರಪ್ಪ, ರೈಟ್ರೇ ನಮ್ಮ ಕೂಲಿಗೂ ಕೈ ಹಾಕಿದ್ರಾ ಅಂತಾನೆ. ಇನ್ನೊಬ್ಬರಿಗೆ ಹೇಳಬೇಡ ಅಂತ ಟೀ ಕೊಡಿಸ್ದೆ. ಟೇಪು ಹಿಡಿದೆ. ಒಂದು ಗೆರೆನೂ ಏರಿಲ್ಲ. ಸ್ವಲ್ಪ ಇಳಿದ ಹಾಗೂ ಇದೆ. ನೋಡಿದ್ಯಾ, ಅವನ ಪಾಠ ಸುಳ್ಳು.

ಆದರೆ ಅವನ ತೋಳು... ನಿನ್ನೆ ಹಬ್ಬಕ್ಕೆ ಹೊಸ ಅಂಗಿ ಹಾಕ್ಕೊಂಡು ದೇವಸ್ಥಾನಕ್ಕೆ ಹೊರಟಾಗ ಬೀದಿ ಹೆಂಗಸರೆಲ್ಲ ಯಾರಿವನು ಅಂತ ಕೇಳಿದ್ರು. ಅಂಬಿ ಮುಖ ನೋಡಬೇಕಿತ್ತು. ನಮ್ಮ ತಮ್ಮ ಅಂತ ಎರಡೆರಡು ಸಲ ಹೇಳಿದ್ಲು. ನನ್ನ ಪಕ್ಕ ನಡೆಯೋವಾಗ ಯಾವತ್ತಾದ್ರೂ ಹಾಗೆ ತಲೆ ಎತ್ತಿ ನಡೆದಿದಾಳಾ? ನೆನಪಾಗ್ತಿಲ್ಲ.

೨೪ ಏಪ್ರಿಲ್, ಮಂಗಳವಾರ

ಉಸ್ತಾದ್ ತೀರ್ಮಾನ ಹೇಳಿದ್ರು. ಮೇ ಇಪ್ಪತ್ತರ ಭಾನುವಾರ ಎಲ್ಲರ ಮುಂದೆ ನಾವಿಬ್ಬರೂ ಎತ್ತಬೇಕು, ಮೈ ತೋರಿಸಬೇಕು. ಕಡೂರಿಗೆ ಯಾರು ಅಂತ ಅವತ್ತೇ. ಬೀರ ಎತ್ತುವಾಗ ನಾನು ನಿಲ್ಲಬೇಕು, ನಾನು ಎತ್ತುವಾಗ ಬೀರ.

ಹೊರಗೆ ಬಂದ್ಮೇಲೆ ಬೀರ, ಯಾರು ಹೋದ್ರೇನು ಬಾವ, ಮನೆಗೇ ಬರುತ್ತೆ ಅಂದ. ಅವನು ಹೀಗೆ ಒಳ್ಳೆ ಮಾತಾಡೋದೇ ಆಗಲ್ಲ ನಂಗೆ. ಕೆಟ್ಟವನಾಗಿದ್ರೆ ಎಷ್ಟೋ ಸುಲಭವಾಗಿತ್ತು.

೨ ಮೇ, ಬುಧವಾರ

ಆಗಬಾರದ್ದು ಆಯ್ತು.

ನಿನ್ನೆ ಬೀರನ ಜೊತೆ ತೋಳಿಗೆ ಮಾಡಿದ್ದೆ. ಇವತ್ತು ಬಿಡುವು. ಗೋಡೌನಲ್ಲಿ ಮೂಟೆ ಎದೆಗೆ ಎಳ್ಕೊಂಡೆ. ಬಲತೋಳಲ್ಲಿ ಚಟ್ ಅಂತು, ಹಸಿ ಕಡ್ಡಿ ಮುರಿದ ಹಾಗೆ. ಮೂಟೆ ಕಾಲ ಹತ್ರ ಬಿತ್ತು. ಈರಭದ್ರಪ್ಪ ಓಡಿ ಬಂದ. ಏನಿಲ್ಲ, ಜಾರ್ತು ಅಂದೆ.

ಕೈ ಮೇಲೇಳುತ್ತೆ. ಪೆನ್ನು ಹಿಡಿಯುತ್ತೆ. ತುಂಬಿದ ಚೊಂಬು ಎತ್ತಿದ್ರೆ ಮಾತ್ರ ಪ್ರಾಣ ಹೋದ ಹಾಗೆ. ಒಳಗಡೆ ನೀಲಿ ಕಟ್ತಿದೆ.

೬ ಮೇ, ಭಾನುವಾರ

ಅಮೃತಾಪುರಕ್ಕೆ ಹೋಗಿದ್ದೆ. ದೇವಸ್ಥಾನಕ್ಕೆ ಅಂತ ಅಂಬಿಗೆ ಹೇಳಿದೆ. ಅವಳಿಗೆ ಬಲು ಸಂತೋಷ, ಹಣ್ಣು ಕಾಯಿ ಕಟ್ಟಿಕೊಟ್ಲು. ಅಲ್ಲಿ ಮೂಳೆ, ನರಕ್ಕೆ ಪಟ್ಟು ಹಾಕೋ ಅಜ್ಜಿ ಇದಾಳೆ, ದ್ಯಾಮಮ್ಮ ಅಂತ. ತೋಳು ಅದುಮಿ ನೋಡಿದ್ಲು. ಮಾಂಸ ಹರಿದಿದೆ ಕಣಪ್ಪಾ, ಶ್ರಾವಣದ ತನಕ ಭಾರ ಮುಟ್ಟಬೇಡ ಅಂದ್ಲು. ಇದೇ ತಿಂಗಳು ಬೇಕಲ್ಲಜ್ಜಿ ಅಂದೆ. ಬೇಕು ಅಂದ್ರೆ ಬರುತ್ತೇನು ಅಂತ ಮೊಟ್ಟೆ ಬಿಳಿ, ಸೊಪ್ಪು ಸೇರಿಸಿ ಬಿಗಿಯಾಗಿ ಕಟ್ಟಿದ್ಲು. ಬಸ್ಸಿಳಿಯೋ ಮೊದಲು ಬಿಚ್ಚಿ ಎಸೆದೆ. ಕಾಯಿ ಹಣ್ಣು ದಾರೀಲಿ ಯಾರಿಗೋ ಕೊಟ್ಟೆ. ದೇವರ ಹತ್ರನೂ ಹೋಗಲಿಲ್ಲ.

೧೫ ಮೇ, ಮಂಗಳವಾರ

ಈ ಬಿಸಿಲಲ್ಲಿ ತುಂಬು ತೋಳಿನ ಅಂಗಿ. ಗರಡೀಲಿ ಜ್ವರ ಅಂತ ಹೇಳಿದೀನಿ. ಬಾವಿ ನೀರು ಎಡಗೈಲಿ ಸೇದ್ತಿದೀನಿ. ಅಂಬಿ ನೋಡ್ತಾಳೆ. ಏನೂ ಕೇಳಲ್ಲ. ಕೇಳಿದ್ರೆ ಬೈದುಬಿಡ್ತಿದ್ದೆ, ಅದಕ್ಕೇ ಕೇಳಲ್ಲ.

ಹೇಗೆ ಹೇಳೋದು? ಕೈ ಹೋಯ್ತು ಅಂದ್ರೆ ಹೇಗೆ ಹೋಯ್ತು ಅಂತಾರೆ. ಬಿಡುವಿನ ದಿನ ಕದ್ದು ಮೂಟೆ ಹೊತ್ತೆ ಅನ್ನಬೇಕು. ಅಂದ್ರೆ ಆ ಹುಡುಗ ಹೇಳಿದ್ದೇ ಸರಿ ಅನ್ನಬೇಕು. ಎಲ್ಲರ ಮುಂದೆ. ಅದಕ್ಕಿಂತ ಇನ್ನೊಂದು ಕೈನೂ ಹೋಗಲಿ.

೧೯ ಮೇ, ಶನಿವಾರ

ನಾಳೆ. ಮೊದಲು ಬೀರ. ನಾನು ನಿಲ್ಲಬೇಕು. ಅವನು ಕೊನೇ ಸಲ ಏಳಲ್ಲ ಅನ್ನೋ ತನಕ ಹೋಗ್ತಾನೆ, ನಾನು ಹಿಡೀತೀನಿ ಅಂತ ನಂಬಿ. ಹೊಸದಾಗಿ ಎರಡು ಚಕ್ರ ಬೇರೆ ಸೇರಿಸ್ತಾನಂತೆ. ರಾಡು ಇರೋದು ಕತ್ತಿನ ಮೇಲೆ.

ಒಂದು ಯೋಚನೆ ಬಂತು. ಬರೆಯಲ್ಲ.

೨೦ ಮೇ, ಭಾನುವಾರ

ಬೆಳಿಗ್ಗೆ ಗರಡಿ ತುಂಬಿತ್ತು. ಬೆನಕಪ್ಪ ಕೂಡ ಹೊಟ್ಟೆ ಹೊತ್ಕೊಂಡು ಬಂದಿದ್ದ. ಉಸ್ತಾದ್ ಊದುಬತ್ತಿ ಹಚ್ಚಿದ್ರು. ಬೀರ ಅವರ ಕಾಲಿಗೆ ಬಿದ್ದು ಬೆಂಚಿನ ಮೇಲೆ ಮಲಗಿದ.

ತಲೆ ಹತ್ರ ನಿಂತೆ. ಮಣ್ಣು ತಗೊಂಡೆ. ಎಡ ಅಂಗೈಗೆ ಉಜ್ಜಿದೆ, ಬಲ ಅಂಗೈಗೂ ಉಜ್ಜಿದೆ. ತೋರಿಸಬಹುದಿತ್ತು. ಬಲಗೈ ಮೇಲೇಳುತ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಬೀರ ಮಲಗಿ ಮೇಲೆ ನೋಡ್ತಿದ್ದ. ಅವನ ಕಣ್ಣು ಥೇಟ್ ಅಂಬಿ ಕಣ್ಣು. ಇಷ್ಟು ದಿನ ಅವನ ತೋಳು ನೋಡಿದ್ದೇ ಆಯ್ತು, ಕಣ್ಣು ನೋಡಿರಲಿಲ್ಲ.

ಎಡಗೈ ತೋರಿಸಿದೆ.

"ಇನ್ನೊಂದು, ಬಾವ," ಅಂದ.

"ಇನ್ನೊಂದು ಇಲ್ಲ ಕಣೋ."

ಯಾರಿಗೂ ಅರ್ಥ ಆಗಲಿಲ್ಲ. ಉಸ್ತಾದ್ ಹತ್ರ ಬಂದು ನನ್ನ ಅಂಗಿ ತೋಳು ಮಡಿಚಿ ಮೇಲೆ ಸರಿಸಿದ್ರು. ನೀಲಿ ಹಳದಿಗೆ ತಿರುಗಿತ್ತು. ಯಾವಾಗ ಅಂತ ಕೇಳಿದ್ರು. ಹೇಳಿದೆ. ಹೇಗೆ ಅಂದ್ರು. ಅದನ್ನೂ ಹೇಳಿದೆ — ಗೋಡೌನು, ಮೂಟೆ, ಬಿಡುವಿನ ದಿನ ಎಲ್ಲ. ಬೆನಕಪ್ಪ ನಕ್ಕ. ಉಸ್ತಾದ್ ಅವನನ್ನ ಹೊರಗೆ ಕಳಿಸಿದ್ರು.

ಬೀರ ಎದ್ದು ಕೂತ. ಮುಖ ಕೆಂಪಗಾಗಿತ್ತು. "ನಾನು ನಿಮಗೆ ಕೇಡು ಬಗೀತೀನಿ ಅಂದ್ಕೊಂಡ್ರಾ?" ಅಂದ. ಹೂಂ ಅಂದೆ. ಸುಳ್ಳು ಹೇಳೋ ಶಕ್ತಿ ಇರಲಿಲ್ಲ.

ಉಸ್ತಾದ್ ಬೇರೆಯವನನ್ನ ನಿಲ್ಲಿಸಿದ್ರು. ಬೀರ ಎತ್ತಿದ, ಹೊಸ ಚಕ್ರ ಸೇರಿಸಿಯೇ. ಕಡೂರಿಗೆ ಅವನೇ.

೨೧ ಮೇ, ಸೋಮವಾರ

ಬೀರ ಮಾತಾಡ್ತಿಲ್ಲ. ಊಟ ಮಾಡಿ ಎದ್ದು ಹೋಗ್ತಾನೆ. ಅಂಬಿ ಮಾತ್ರ ಬಿಸಿ ಎಣ್ಣೆ ತಂದು ತೋಳಿಗೆ ಹಚ್ಚಿದ್ಲು. ನಂಗೆ ಮೊದಲೇ ಗೊತ್ತಿತ್ತು ಕಣ್ರೀ ಅಂದ್ಲು, ಎಡಗೈಲಿ ನೀರು ಸೇದಿದ ದಿನವೇ. ಮತ್ತೆ ತಮ್ಮನಿಗೆ ಯಾಕೆ ಹೇಳಲಿಲ್ಲ ಅಂದೆ. ನೀವು ಹೇಳ್ತೀರಾ ಅಂತ ಕಾಯ್ತಿದ್ದೆ ಅಂದ್ಲು. ಹೇಳದಿದ್ರೆ? ಅಂದೆ. ಎಣ್ಣೆ ಬಟ್ಟಲು ಎತ್ಕೊಂಡು ಒಳಗೆ ಹೋದ್ಲು.

ಆಮೇಲೆ ಗೊತ್ತಾಯ್ತು. ನಿನ್ನೆ ಬೆಳಿಗ್ಗೆ ಅವಳೂ ಗರಡಿ ಬೇಲಿ ಆಚೆ ನಿಂತಿದ್ಲಂತೆ, ಎದುರುಮನೆ ಮೀನಾಕ್ಷಮ್ಮ ಹೇಳಿದ್ರು. ಹೆಂಗಸರು ಹೋಗೋ ಜಾಗ ಅಲ್ಲ ಅದು.

೧೦ ಜೂನ್, ಭಾನುವಾರ

ಬರೆಯೋಕೆ ಏನಿತ್ತು.

ಉಸ್ತಾದ್ ಶಿಕ್ಷೆ ಕೊಟ್ಟಿದಾರೆ. ಗರಡಿ ಬಿಡಬಾರದು, ಬಲಗೈ ಮುಟ್ಟಬಾರದು. ಎಡತೋಳು, ಕಾಲು — ಐದು ದಿನಕ್ಕೊಮ್ಮೆ, ಒಂದೊಂದೇ ಸೆಟ್ಟು. ನಡುವೆ ಗರಡಿಗೆ ಬಂದ್ರೆ ಕಸ ಗುಡಿಸೋದು ಅಷ್ಟೇ. ಗೋಡೌನಿಗೆ ಕಾಲಿಟ್ರೆ ಸಾವ್ಕಾರ್ರಿಗೇ ಬಂದು ಹೇಳ್ತಾರಂತೆ. ಪಕ್ಕದಲ್ಲಿ ನಿಲ್ಲೋನು ಬೀರ. ಅದೂ ಶಿಕ್ಷೆನೇ, ಇಬ್ಬರಿಗೂ.

ಬೀರ ಒಂದೇ ಮಾತಾಡೋದು. ಇನ್ನೊಂದು. ನಂಗೆ ಏಳಲ್ಲ ಅನ್ನಿಸಿದ ಮೇಲೂ, ಇನ್ನೊಂದು. ಇಷ್ಟು ವರ್ಷ ಎಂಟು ಸೆಟ್ಟು ಮಾಡ್ತಿದ್ದೆನಲ್ಲ, ಒಂದರಲ್ಲೂ ಇಲ್ಲೀ ತನಕ ಬಂದಿರಲಿಲ್ಲ. ಮುಂದೆ ಇನ್ನೂ ಏಳು ಸೆಟ್ಟಿದೆಯಲ್ಲ ಅಂತ ಎಲ್ಲದರಲ್ಲೂ ಉಳಿಸ್ಕೊಳ್ತಿದ್ದೆ. ಮುಗಿದ ಮೇಲೆ ಗೋಡೆಗೊರಗಿ ಕೂತೆ, ವಾಂತಿ ಬಂತು. ಬೀರ ನೀರು ಕೊಟ್ಟ.

೨೪ ಜೂನ್, ಭಾನುವಾರ. ಕಡೂರಿಂದ ಬಂದು

ಹೋಗಬಾರದು ಅಂತಿದ್ದೆ. ಬೀರ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಬೆನ್ನಿಗೆ ಎಣ್ಣೆ ಹಚ್ಚೋರು ಬೇಕು ಅಂದ. ಬರ್ತೀರಾ ಅಂತ ಕೇಳಲಿಲ್ಲ. ಟವಲು ತಗೊಂಡು ಹೊರಟೆ.

ಟೆಂಟಿನ ಹಿಂದೆ ಎಡಗೈಲಿ ಎಣ್ಣೆ ಹಚ್ಚಿದೆ. ಎಂಥ ಬೆನ್ನು! ಒಂದೊಂದು ಗೆರೆ ಕಾಣ್ತಿತ್ತು. ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಒಂದು ಜಾಗನೂ ಬಿಡದ ಹಾಗೆ ಹಚ್ಚಿದೆ. ಬಿಟ್ರೆ ಜನ ಎಣ್ಣೆ ಹಚ್ಚಿದೋನನ್ನ ಆಡ್ಕೊಳ್ತಾರೆ.

ಎರಡನೇ ಬಹುಮಾನ. ಮೊದಲನೇದು ಸಖರಾಯಪಟ್ಟಣದ ಒಬ್ಬನಿಗೆ. ಹೆಸರು ಕೂಗಿದ ತಕ್ಷಣ ನನ್ನ ಎದೆ ಹಗುರ ಆಯ್ತು — ಅಬ್ಬ, ಗೆಲ್ಲಲಿಲ್ಲ. ಆಮೇಲೆ ನೋಡಿದೆ, ಬೀರ ತಲೆ ತಗ್ಗಿಸಿ ನಿಂತಿದ್ದ. ಪಕ್ಕದಲ್ಲಿ ಯಾರೋ, ತರೀಕೆರೆ ಹುಡುಗನಿಗೆ ಮೋಸ ಆಯ್ತು ಅಂದ. ನಾನು ಎದ್ದು ನಿಂತು, ಮೋಸಾನೇ ಕಣ್ರೀ ಅಂತ ಜೋರಾಗಿ ಕೂಗಿಬಿಟ್ಟೆ. ಯಾಕೆ ಕೂಗಿದೆನೋ. ಎಲ್ಲರೂ ತಿರುಗಿ ನೋಡಿದ್ರು. ಬೀರನೂ ನೋಡಿದ.

ಬಸ್ಸಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗಿದ. ಬೀರೂರು ದಾಟೋ ತನಕ ಅಲ್ಲಾಡಲಿಲ್ಲ ನಾನು. ಅಂಗಿಗೆಲ್ಲ ಎಣ್ಣೆ.

೧೫ ಜುಲೈ, ಭಾನುವಾರ

ಬೀರ ರೂಮು ಮಾಡ್ಕೊಂಡು ಹೋದ, ರೈಲ್ವೆ ಸ್ಟೇಷನ್ ಹತ್ರ. ಮನೆ ಖಾಲಿ ಖಾಲಿ. ತುಪ್ಪ ಮೊದಲು ನನ್ನ ಮುದ್ದೆಗೇ ಬೀಳ್ತಿದೆ. ಅಂದ್ಕೊಂಡಷ್ಟು ರುಚಿ ಇಲ್ಲ.

ನಾಮಕರಣಕ್ಕೆ ಹೋಗೋಕೆ ಬಿಳಿ ಅಂಗಿ ಹಾಕ್ದೆ. ಎಡತೋಳು ಏರಲಿಲ್ಲ. ಬಟ್ಟೆ ಕುಗ್ಗಿದೆ ಅಂದೆ. ಅಂಬಿ, ಬರೀ ಒಂದು ತೋಳು ಕುಗ್ಗುತ್ತೇನ್ರೀ, ಬಿಚ್ಚಿಕೊಡಿ, ಹೊಲಿಗೆ ಬಿಡ್ತೀನಿ ಅಂದ್ಲು. ಟೇಪು ತಂದ್ಲು. ಸುತ್ತಿದ್ಲು. ನಾನು ಕಣ್ಣು ಮುಚ್ಕೊಂಡೆ.

ಏರಿದೆ. ಎರಡು ದೀಪಾವಳಿಯಿಂದ ಅಲ್ಲಾಡದ ತೋಳು. ಐದು ದಿನಕ್ಕೊಂದು ಸೆಟ್ಟಿಗೆ! ಮಿಕ್ಕ ದಿನ ಕಸ ಗುಡಿಸಿದ್ದಕ್ಕೆ! ಖುಷಿ ಪಡಬೇಕೋ ತಲೆ ಚಚ್ಕೋಬೇಕೋ ಗೊತ್ತಾಗಲಿಲ್ಲ. ನಾನು ಯಾವುದನ್ನ ಕುತಂತ್ರ ಅಂದ್ಕೊಂಡೆನೋ ಅದೇ...

ಬೀರನಿಗೆ ಹೇಳಬೇಡ ಅಂದೆ. ಆಗಲೇ ಹೇಳ್ಬಿಟ್ಟಿರ್ತಾಳೆ.

೧೨ ಆಗಸ್ಟ್, ಭಾನುವಾರ, ಬೆಳಿಗ್ಗೆ

ಶ್ರಾವಣ ಬಂತು. ದ್ಯಾಮಮ್ಮ ನಿನ್ನೆ ಅದುಮಿ ನೋಡಿ, ಕೂಡಿದೆ ಹೋಗು ಅಂದ್ಲು. ಈ ಸಲ ದೇವಸ್ಥಾನಕ್ಕೂ ಹೋಗಿ ಬಂದೆ, ಹಳೇ ಕಾಯಿ ಬಾಕಿ ಇತ್ತು.

ಬೀರನ ತೋಳು ಈಗಲೂ ನನ್ನದಕ್ಕಿಂತ ದಪ್ಪ. ಈಗಲೂ ಉರಿಯುತ್ತೆ. ಇದು ಹೋಗೋದಲ್ಲ ಅಂತ ಕಾಣುತ್ತೆ, ಇರಲಿ. ಕೊನೇ ಸಲ ಎತ್ತುವಾಗ ಕೆಲಸಕ್ಕೆ ಬರುತ್ತೆ.

ಬೀದೀಲಿ ಸೈಕಲ್ ಬೆಲ್ಲು. ಬೀರ ಕೂಗ್ತಿದಾನೆ, "ಬಾವ, ಇವತ್ತು ನಿಲ್ತೀರಾ?" ಮೇ ಇಪ್ಪತ್ತರಿಂದ ಇದನ್ನ ಕೇಳಿರಲಿಲ್ಲ. ಎದ್ದು ಕನ್ನಡಿ ಮುಂದೆ ನಿಂತೆ. ಎಡಗೈ ಎತ್ತಿದೆ. ಬಲಗೈ ಎತ್ತಿದೆ. ನೋವಿಲ್ಲ. ಅಂಬಿ ನೋಡಿ, ಯಾರಿಗ್ರೀ ಶರಣಾಗ್ತಿದೀರಾ ಅಂದ್ಲು. ಯಾರಿಗೂ ಇಲ್ಲ ಕಣೇ ಅಂದೆ.

ಮತ್ತೆ ಬೆಲ್ಲು. ಬಂದೆ ಕಣೋ, ಎರಡೂ ಕೈ ಇದಾವೆ.